ಅಕ್ಕವ್ವನ ಸಹಿ

ಶೋಭಾ,

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಇದನ್ನು ಓದುವ ಯೋಗ್ಯತೆಯನ್ನು ನೀನು ಇಂದು ಗೋಕಾಕದ ಸಭೆಯಲ್ಲೇ ಕಳೆದುಕೊಂಡೆ.

ರಾಸಾಯನಿಕ ಗೊಬ್ಬರ ಬಿಟ್ಟವರಿಗೂ ಕೇಂದ್ರದ ನೆರವು ಬೇಕೆಂದು ನಾವಿಬ್ಬರೂ ತುಕ್ಕಾನಟ್ಟಿಯಿಂದ ಬೆಲ್ಲದ ಬಾಗೇವಾಡಿಯವರೆಗೆ ಮನೆಮನೆ ಅಲೆದು ಸಹಿ ಮಾಡಿಸಿದ ಅರ್ಜಿ ದಿಲ್ಲಿಯ ಅಧಿಕಾರಿಗಳ ಮುಂದಿತ್ತು. ನೀನು ಈಗ ಅವರ ಸಲಹೆಗಾರ್ತಿ, ಅವರ ಪಕ್ಕದಲ್ಲೇ ಕುಳಿತಿದ್ದೆ. ಸಹಿ ಹಾಕಿ ನನ್ನೊಂದಿಗೆ ಬಂದು ಹಿಂದೆ ಕುಳಿತಿದ್ದ ಹೆಂಗಸರನ್ನು ತೋರಿಸಿ, ಅರ್ಜಿಯಲ್ಲಿ ಏನಿದೆಯೆಂದು ಈ ಹೆಣ್ಣುಮಕ್ಕಳಿಗೆ ಗೊತ್ತೇ ಎಂದು ಹಿರಿಯ ಅಧಿಕಾರಿ ಕೇಳಿದರು.

ನೀನು ನಕ್ಕೆ. "ಇಲ್ರಿ ಸರ್, ಹಾಕು ಅಂದಲ್ಲಿ ಸಹಿ ಹಾಕ್ತಾರ್ರಿ."

ಹಿಂದಿನಿಂದ ಮುದುಕಿ ಅಕ್ಕವ್ವ ಎದ್ದಳು.

"ಶೋಭಾ, ನಾ ಹೆಬ್ಬೆಟ್ಟ ಒತ್ತಾಕ ಹೋದರ ಬ್ಯಾಡ ಅಂದಾಕಿ ನೀನ. ಮೂರು ದಿನ ನನ್ನ ಕಟ್ಟಿ ಮ್ಯಾಲ ಕುಂತು ಹೆಸರು ಬರಿಯಾಕ ಕಲಿಸಿದಿ. ಅರ್ಜಿ ಸಾಲು ಸಾಲು ಓದಿ ಹೇಳಿದಿ. ಆಗ ಶ್ಯಾಣ್ಯಾಕಿ ಇದ್ದ ನಾ ಈಗ ದಡ್ಡಿ ಹೆಂಗ ಆದ್ನಿ?" ಆಮೇಲೆ ಅಧಿಕಾರಿಯತ್ತ ತಿರುಗಿದಳು. "ಸಾಹೇಬ್ರ, ಯೂರಿಯಾ ಚೀಲಕ್ಕ ಸರಕಾರ ರೊಕ್ಕ ಹಾಕತೈತಿ. ತಿಪ್ಪಿಗೊಬ್ಬರ ಹಾಕೋರಿಗೂ ಅಷ್ಟ ಕೊಡ್ರಿ ಅಂತ ಐತಿ ಅದರಾಗ."

ಅಧಿಕಾರಿ "ಪರಿಶೀಲಿಸುತ್ತೇವೆ" ಎಂದು ಚಹಾಕ್ಕೆ ಎದ್ದು ಹೋದರು.

ನನ್ನ ಮೈ ಇನ್ನೂ ಉರಿಯುತ್ತಿದೆ. ಅಕ್ಕವ್ವನಿಗಿಂತ ಮೊದಲು ಏಳಬೇಕಾದವಳು ನಾನು. ಏಳಲಿಲ್ಲ. ಬಸ್ಸಿನಲ್ಲಿ ಅವಳು, "ಶೋಭಾ ಭಾಳ ಸೊರಗ್ಯಾಳಲ್ಲ?" ಎಂದಾಗಲೂ ಕಿಟಕಿಯತ್ತ ಮುಖ ತಿರುಗಿಸಿದೆ.

ಆ ಅರ್ಜಿ ಅವರ ಕಡತದಲ್ಲೇ ಕೊಳೆಯುತ್ತದೆ; ಹೊಸದು ಬರೆದಿದ್ದೇನೆ. ನಾಳೆ ಮಸಗುಪ್ಪಿಯಿಂದ ಮತ್ತೆ ಸಹಿ ಮಾಡಿಸುವುದು ಶುರು. ಪ್ರತಿ ಮನೆಯಲ್ಲೂ ನೀನೆಲ್ಲಿ ಎಂದು ಕೇಳುತ್ತಾರೆ. ಏನು ಹೇಳಬೇಕೋ ನೀನೇ ಹೇಳು.

ಸುಜಾತಾ