ಯಜಮಾನಿ ಪೊರೆ ಬಿಟ್ಟದ್ದು

ಫೆಬ್ರವರಿ 2

ಮಿಡತೆ ಬಿಟ್ಟೆ. ಯಜಮಾನಿ ಇವತ್ತೂ ತಿನ್ನಲಿಲ್ಲ. ಮಿಡತೆ ಅದರ ಬೆನ್ನ ಮೇಲೆಯೇ ಹತ್ತಿ ಇಳಿಯಿತು, ಯಜಮಾನಿ ಮಿಸುಕಲಿಲ್ಲ. ಮಿಡತೆಯನ್ನು ಹಿಡಿದು ಹೊರಗೆ ಹಾಕಿದೆ. ನೀರಿನ ತಟ್ಟೆ ತೊಳೆದಿಟ್ಟೆ.

ಯಜಮಾನಿ ಎಂಬ ಹೆಸರು ತಮ್ಮ ಇಟ್ಟದ್ದು. ಅಂಗೈಯಗಲದ ಟರಾಂಟುಲಾ ಜೇಡ. ಹದಿನಾಲ್ಕು ವರ್ಷ ಸಾಕಿದ. ಅವನ ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಗಾಜಿನ ಪೆಟ್ಟಿಗೆಯತ್ತ ನೋಡದೆಯೇ ಹೇಳಿದಳು— “ಅತ್ತಿಗೆ, ಈ ಮನೇಲಿ ನಾನು ಎರಡನೇ ಯಜಮಾನಿ ಕಣ್ರೀ. ಮೊದಲನೆಯವಳು ಊಟ ಬಿಟ್ಟರೆ ನಿಮ್ಮ ತಮ್ಮನಿಗೂ ಊಟ ಸೇರ್ತಿರಲಿಲ್ಲ.” ನಕ್ಕಳು. ನಕ್ಕದ್ದು ಅರಿವಾಗಿ ಬಾಯಿ ಮುಚ್ಚಿಕೊಂಡಳು.

ಅವನು ಹೋಗಿ ನಲವತ್ತಾರು ದಿನ. ಅವನ ಮಗಳು ಗುಬ್ಬಿ ಇನ್ನೂ ಒಂದು ಹನಿ ಕಣ್ಣೀರು ಹಾಕಿಲ್ಲ. ಕಾಲೇಜಿನಿಂದ ಬಂದವಳೇ ಪೆಟ್ಟಿಗೆಯ ಮುಂದೆ ಕೂರುತ್ತಾಳೆ. ಮಾತಿಲ್ಲ. ಅನ್ನ ಎರಡು ತುತ್ತು.

ಫೆಬ್ರವರಿ 5

ಯಜಮಾನಿ ನೆಲದ ತುಂಬ ಬಲೆ ಹಾಸುತ್ತಿದೆ. ಬಿಳೀ ಮಗ್ಗುಲುಹಾಸಿಗೆಯ ಹಾಗೆ, ಮೂಲೆಯಿಂದ ಮೂಲೆಗೆ, ಒಂದು ಸುಕ್ಕಿಲ್ಲದೆ. ಯಾರಿಗೆ ಹಾಸುತ್ತಿದೆಯೋ. ಹೊಲಿಗೆ ಮೆಷಿನ್ ನಿಲ್ಲಿಸಿದಾಗಲೆಲ್ಲ ಪೆಟ್ಟಿಗೆಯಿಂದ ಸಣ್ಣ ಕೆರೆತ. ಮೆಷಿನ್ ಶುರು ಮಾಡಿದರೆ ಅದು ನಿಲ್ಲುತ್ತದೆ.

ಸಂಜೆ ಗುಬ್ಬಿ ಬಾಯಿ ಬಿಟ್ಟಳು. “ಅತ್ತೆ, ಇದೂ ಹೋಗ್ಬಿಡುತ್ತಾ?”

“ಏ, ಬಿಡ್ತು ಅನ್ನು.”

“ಬಿಡ್ತು,” ಎಂದಳು. ಗಾಜಿಗೆ ಹೇಳಿದಳು, ನನಗಲ್ಲ.

ಇದು ಉಳಿಯಬೇಕು. ಇದೂ ಹೋದರೆ ಈ ಹುಡುಗಿಯನ್ನು ಹಿಡಿದು ನಿಲ್ಲಿಸಲು ನನ್ನ ಕೈಯಲ್ಲಿ ಏನೂ ಇಲ್ಲ.

ಫೆಬ್ರವರಿ 9, ಬೆಳಿಗ್ಗೆ 6

ಅಂಗಾತ ಬಿದ್ದಿದೆ. ಎಂಟು ಕಾಲೂ ಮೇಲೆ. ಗುಬ್ಬಿ ಏಳುವುದರೊಳಗೆ ನೆಟ್ಟಗೆ ಮಾಡಿಡೋಣ, ಹೀಗೆ ನೋಡುವುದು ಬೇಡ ಎಂದುಕೊಂಡು ಸ್ಕೇಲನ್ನು ಅಡಿಗೆ ತೂರಿಸಿ ಮಗುಚಿದೆ. ನಲವತ್ತು ವರ್ಷ ಬಟ್ಟೆ ಹೊಲಿದ ಕೈ... ಉಲ್ಟಾ ಬಿದ್ದದ್ದನ್ನು ಕಂಡರೆ ತಡೆಯುವುದಿಲ್ಲ.

ಮಗುಚಿದ ಮೇಲೆ ಒಂದು ಕಾಲು ನಡುಗಿತು.

9.30

ಪ್ರಾಣಿ ಡಾಕ್ಟರಿಗೆ ಫೋನ್. ನನ್ನ ಕಿವಿ ಮಂದ, ಸ್ಪೀಕರ್ ಹಾಕಿದ್ದೆ.

“ನಾನು ನಾಯಿ ಬೆಕ್ಕು ನೋಡೋನಮ್ಮಾ. ಆದ್ರೂ ನಿಮ್ಮ ತಮ್ಮ ನನಗೆ ಈ ಜೇಡದ ಪಾಠ ಮಾಡಿದ್ರು ಬಿಡಿ. ಅಂಗಾತ ಮಲಗೋದೇ ಪೊರೆ ಬಿಡೋಕೆ. ನೀವ್ಯಾಕೆ ಮಗುಚೋಕೆ ಹೋದ್ರಿ?”

“ಸತ್ತಿದೆ ಅಂದ್ಕೊಂಡೆನಪ್ಪಾ.”

“ಸತ್ತರೆ ಕಾಲೆಲ್ಲ ಒಳಕ್ಕೆ ಮಡಚಿಕೊಳ್ಳುತ್ತೆ, ಮುಷ್ಟಿ ಕಟ್ಟಿದ ಹಾಗೆ. ಕಾಲು ಬಿಚ್ಚಿದ್ರೆ ಜೀವ ಇದೆ ಅಂತ ಲೆಕ್ಕ. ಇನ್ನು ಮುಟ್ಟಬೇಡಿ. ಒದ್ದೆ ಬಟ್ಟೆ ಇಟ್ಟು ಒಳಗೆ ತೇವ ಮಾಡಿ. ಸಂಜೆಗೂ ಸಿಕ್ಕಿಹಾಕ್ಕೊಂಡಿದ್ರೆ ಫೋನ್ ಮಾಡಿ.”

ತಿರುಗಿ ನೋಡಿದರೆ ಗುಬ್ಬಿ ಬೆನ್ನ ಹಿಂದೆಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಮಧ್ಯಾಹ್ನ 2

ಪಕ್ಕಕ್ಕೆ ವಾಲಿದೆ. ಬೆನ್ನು ಬಿರಿದು ಮುಚ್ಚಳದ ಹಾಗೆ ತೆರೆದುಕೊಂಡಿತು. ಒಳಗಿನಿಂದ ಇನ್ನೊಂದು ಬರುತ್ತಿದೆ, ಬಿಳುಚಿದ್ದು, ಒದ್ದೆಯಾದದ್ದು. ಬಲಗಡೆಯ ನಾಲ್ಕು ಕಾಲು, ಎಡಗಡೆಯದು ಒಂದು ಹೊರಗೆ ಬಂದವು. ಉಳಿದ ಮೂರು ಹಳೆಯ ಚರ್ಮದಲ್ಲೇ. ಒದ್ದಾಡುತ್ತದೆ, ನಿಲ್ಲುತ್ತದೆ. ನಿಲ್ಲುವುದೇ ಹೆಚ್ಚಾಗುತ್ತಿದೆ.

ನಾನು ಮಗುಚದಿದ್ದರೆ ಇದಾಗುತ್ತಿರಲಿಲ್ಲ.

ಸಂಜೆ 7

ಮತ್ತೆ ಫೋನ್ ಮಾಡಿದಾಗ ಡಾಕ್ಟರು ಹೇಳಿದಂತೆ ಗ್ಲಿಸರಿನ್‌ಗೆ ನೀರು ಬೆರೆಸಿ, ಸಣ್ಣ ಬ್ರಷ್‌ನಲ್ಲಿ ಒಂದೊಂದು ಕೀಲಿಗೂ ಹಚ್ಚಿದೆ. ಗುಬ್ಬಿ ಟಾರ್ಚ್ ಹಿಡಿದಳು. ಕಾಲು ಗಂಟೆ ಕಾದು ಹಳೆಯ ಚರ್ಮದ ತುದಿ ಹಿಡಿದು ಎಳೆದೆ. ಒಳಮಗ್ಗುಲಾದ ಅಂಗಿಯ ತೋಳನ್ನು ಹೊರಗೆ ಮಗುಚುವ ಹಾಗೆ, ಬಟ್ಟೆಗೆ ಗೊತ್ತಾಗದ ಹಾಗೆ. ಒಂದು ಬಂತು. ಮುಕ್ಕಾಲು ಗಂಟೆಗೆ ಎರಡನೆಯದು. ಮೂರನೆಯದು ಬುಡದಲ್ಲೇ ಕಳಚಿ ಚರ್ಮದೊಳಗೇ ಉಳಿಯಿತು.

“ನೋವಾಯ್ತಾ ಅದಕ್ಕೆ?”

“ಅದೇ ಬಿಟ್ಟುಕೊಟ್ಟಿತು ಕಣೇ. ಮತ್ತೆ ಬೆಳೆಯುತ್ತಂತೆ, ಡಾಕ್ಟರು ಹೇಳಿದ್ರು.”

ಅವಳ ಟಾರ್ಚ್ ಅಲುಗಲಿಲ್ಲ. ಅಷ್ಟು ಹೊತ್ತೂ ಕಣ್ಣು ಮಿಟುಕಿಸಿದಳೋ ಇಲ್ಲವೋ.

ಫೆಬ್ರವರಿ 10

ಬದುಕಿದೆ! ಏಳು ಕಾಲಿನ ಮೇಲೆ ನಿಂತಿದೆ. ಎದುರಿಗೆ ಹಳೆಯದು— ಹಲ್ಲು, ಕೂದಲು, ಕಣ್ಣಿದ್ದ ಜಾಗ ಎಲ್ಲ ಇದ್ದ ಹಾಗೇ. ಒಳಗೆ ಮಾತ್ರ ಯಾರೂ ಇಲ್ಲ.

ತಮ್ಮನ ಹೆಂಡತಿ ಕಿರುಚಿಕೊಂಡಳು. “ಅಯ್ಯಯ್ಯೋ, ಎರಡಾಗಿದೆಯಲ್ರೀ ಅತ್ತಿಗೆ! ಒಂದರ ಸಾಕಣೆಯೇ ಸಾಕಾಗಿತ್ತು!”

ಗುಬ್ಬಿ ನಕ್ಕಳು. ಎಷ್ಟು ದಿನದ ಮೇಲೆ. ಆದರೆ ಆ ನಗು ನನಗೆ ಹಿಡಿಸಲಿಲ್ಲ.

ಫೆಬ್ರವರಿ 13

ಗುಬ್ಬಿ ಪೆಟ್ಟಿಗೆಯನ್ನು ಅಪ್ಪನ ಕೋಣೆಗೆ ಒಯ್ದು ಅವನ ಮಂಚದ ಮೇಲಿಟ್ಟಿದ್ದಾಳೆ. ಈಗ ಮಾತು ಬಂದಿದೆ, ಬರೀ ಪ್ರಶ್ನೆ. ಅವನು ಹೋದ ದಿನ ಅವಳು ಕಾಲೇಜಿನವರ ಜೊತೆ ಪ್ರವಾಸದಲ್ಲಿದ್ದಳು. ಬಂದು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಮೊದಲು ನೋಡಿದ್ದು ಯಾರು?”

“ನಾನೇ.”

“ಹೇಗೆ ಮಲಗಿದ್ರು?”

ಬಟ್ಟೆಯ ನೂಲು ಹಲ್ಲಿನಲ್ಲಿ ಕಡಿಯುತ್ತಾ, ಯೋಚನೆಯೇ ಇಲ್ಲದೆ, “ಅಂಗಾತ” ಎಂದುಬಿಟ್ಟೆ.

ಆಮೇಲೆ ಬಾಗಿಲು ಹಾಕಿಕೊಂಡಳು. ಊಟಕ್ಕೆ ಬರಲಿಲ್ಲ.

ಫೆಬ್ರವರಿ 14, ಮಧ್ಯಾಹ್ನ 4

ಬಾಗಿಲು ತೆರೆದಿತ್ತು. ಒಳಗೆ ಹೋದೆ. ಕಿಟಕಿಗೆ ಒದ್ದೆ ಬಟ್ಟೆ ನೇತುಹಾಕಿದ್ದಾಳೆ. ಕೋಣೆಯೆಲ್ಲ ತೇವ. ಮಂಚದ ಅರ್ಧದಲ್ಲಿ ಪೆಟ್ಟಿಗೆ, ಇನ್ನರ್ಧ ಖಾಲಿ, ಹೊಸ ಮಗ್ಗುಲುಹಾಸಿಗೆ.

“ಇದೆಲ್ಲ ಯಾತಕ್ಕೇ?”

“ಅತ್ತೆ, ಅಪ್ಪನ ಕೈ ಹೇಗಿತ್ತು? ಮಡಚಿತ್ತಾ, ಬಿಚ್ಚಿತ್ತಾ?”

“ಡಾಕ್ಟರು ಬಂದು ನೋಡಿ ಹೇಳಿದ್ರಲ್ಲೇ ಮಗಳೇ.”

“ನೀವೂ ಯಜಮಾನಿಯನ್ನ ನೋಡೇ ಸತ್ತಿದೆ ಅಂದ್ರಿ.”

ಗಾಜಿನಾಚೆ ಅದು ಏಳು ಕಾಲನ್ನೂ ಊರಿ, ನಮ್ಮ ಮಾತಿಗೆ ಕಾದಂತೆ ನಿಂತಿತ್ತು.

“ಮಡಚಿತ್ತು,” ಎಂದೆ.

“ಆಣೆ?”

“ಆಣೆ. ಎರಡೂ ಕೈ. ಮುಷ್ಟಿ ಹೀಗೆ—” ತೋರಿಸಿದೆ.

ನನ್ನ ಮುಷ್ಟಿಯನ್ನೇ ನೋಡಿದಳು. ಹಿಡಿದುಕೊಂಡಳು. ಆಮೇಲೆ ಅಳು ಬಂತು— ಅಳುವುದಕ್ಕೆ ಬಾರದವರು ಅಳುವ ಹಾಗೆ, ಕೆಮ್ಮಿನಂತೆ ಮೊದಲು. ನನ್ನ ಮಡಿಲಲ್ಲಿ ಮುಖವಿಟ್ಟು ಕತ್ತಲಾಗುವವರೆಗೂ ಅತ್ತಳು.

ಫೆಬ್ರವರಿ 15

ಗುಬ್ಬಿ ಎರಡು ಸಲ ಬಡಿಸಿಕೊಂಡು ಉಂಡಳು. ಒದ್ದೆ ಬಟ್ಟೆ ತಾನೇ ತೆಗೆದು ಒಣಹಾಕಿದಳು.

“ಅದೇನು ಮಂತ್ರ ಹಾಕಿದ್ರಿ ಅತ್ತಿಗೆ?” ಎಂದಳು ತಮ್ಮನ ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ. ಸೂಜಿಗೆ ನೂಲು ಪೋಣಿಸಿದೆ.

ನಾನು ಹೇಳಿದ್ದು ಸುಳ್ಳಲ್ಲ. ಡಾಕ್ಟರು ನೋಡಿದ್ದು, ಜನ ನೋಡಿದ್ದು, ಮಡಚಿದ ಕೈಯನ್ನೇ.

ಅವತ್ತು ಎಲ್ಲರಿಗಿಂತ ಮೊದಲು ನಾನು ಕೋಣೆಗೆ ಹೋದಾಗ ಕೈ ಬಿಚ್ಚಿತ್ತು. ಎರಡೂ. ಹತ್ತು ಬೆರಳೂ ಅಗಲಕ್ಕೆ, ಮೇಲಕ್ಕೆ. ನಾಲ್ಕು ಜನ ಬರುತ್ತಾರೆ, ನೆಟ್ಟಗೆ ಕಾಣಲಿ ಎಂದು ನಾನೇ ಒಂದೊಂದಾಗಿ ಮಡಚಿ ಎದೆಯ ಮೇಲಿಟ್ಟೆ. ಒಂಬತ್ತು ಬೆರಳು ಮಡಚಿದಲ್ಲಿ ಉಳಿದವು. ಬಲಗೈ ಹೆಬ್ಬೆರಳು ಮಡಚಿ ಕೈಬಿಟ್ಟೆ, ಅದು ಮೆಲ್ಲಗೆ, ತಾನಾಗಿ, ಮತ್ತೆ ಬಿಚ್ಚಿಕೊಂಡಿತು.