ಕಬಡ್ಡಿ ಅಂಕಣದಲ್ಲಿ ಜೋಗುಳ

ಆಗಸ್ಟ್ ೨೩, ಶನಿವಾರ

ಮೊಣಕಾಲು ತರಚಿದೆ. ನಿದ್ದೆ ಬಾರದಿರುವುದು ಅದಕ್ಕಲ್ಲ.

ಇವತ್ತು ಗುಬ್ಬಿಯಲ್ಲಿ ಶಿಕ್ಷಕರ ಕ್ರೀಡಾಕೂಟ. ಆಟದಲ್ಲಿ ನಾನು ಮೊದಲಿನಿಂದಲೂ ದಂಡ. ಆದರೂ ಜನ ಸಾಲದೆಂದು ಪಿ.ಟಿ. ಮೇಷ್ಟ್ರು ಭಾನುಪ್ರಕಾಶ್ ನನ್ನನ್ನು ಕಬಡ್ಡಿಗೆ ಎಳೆದರು. ರೇಡಿಗೆ ಹೋಗಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಅಂಪೈರ್ ಸೀಟಿ ಊದಿದರು.

"ಸಾರ್, ಕಬಡ್ಡಿ ಕಬಡ್ಡಿ ಅನ್ನಿ. ಜೋ ಜೋ ಅಂತಿದೀರಲ್ಲ!"

ಎದುರು ತಂಡದವರು ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟರು. ದೇವರಾಣೆ, ಕಬಡ್ಡಿ ಎನ್ನುತ್ತಿದ್ದೇನೆ ಎಂದೇ ನಾನು ನಂಬಿದ್ದೆ. ನಲವತ್ತಾರು ವರ್ಷದ ಗಂಡಸು!

ಮಗಳು ತೊಟ್ಟಿಲಲ್ಲಿದ್ದಾಗ ನನ್ನಮ್ಮ ಹಾಡಿದ ಜೋಗುಳ ನನ್ನ ಫೋನಿನಲ್ಲಿದೆ. ಒಂಬತ್ತು ವರ್ಷದಿಂದ ಅದನ್ನು ಕೇಳಿಕೊಂಡೇ ಮಲಗುತ್ತೇನೆ. ಯಾರಿಗೂ ಹೇಳಿಲ್ಲ.

ಸಂಜೆ ಮೈದಾನದ ಕತೆ ಹೇಳಿ ಅಮ್ಮನನ್ನು ನಗಿಸೋಣವೆಂದು ಪಕ್ಕದಲ್ಲಿ ಕೂತು ಮೊದಲು ಹಾಡು ಹಾಕಿದೆ. ಕನಕಾಂಬರ ಕಟ್ಟುವುದನ್ನು ನಿಲ್ಲಿಸಿ ಕೊನೆವರೆಗೂ ಕೇಳಿದಳು.

"ಎಷ್ಟ್ ಚೆಂದಾಗ್ ಹಾಡ್ತವ್ಳೆ! ಯಾರ್ಲಾ ಇವ್ಳು?"

ತಮಾಷೆ ಇರಬೇಕೆಂದು ಮುಖ ನೋಡಿದೆ. ತಮಾಷೆಯಲ್ಲ.

"ನೀನೇ ಕಣಮ್ಮ."

"ಸುಮ್ಕಿರ್ಲಾ. ನಂಗೆಲ್ಲಿ ಹಾಡು ಬತ್ತದೆ?"

ಫೋನ್ ಜೇಬಿಗಿಟ್ಟೆ. ಮೈದಾನದ ಕತೆ ಹೇಳಲೇ ಇಲ್ಲ. ಯಾವಾಗಿನಿಂದ ಹೀಗೆ? ಒಂದೇ ಮನೆಯಲ್ಲಿದ್ದೇವೆ. ದಿನಾ ರಾತ್ರಿ ಫೋನಿನಲ್ಲಿ ಅವಳ ದನಿ ಕೇಳುತ್ತಿದ್ದ ನನಗೆ, ಅವಳು ಹಾಡುವುದನ್ನೇ ಬಿಟ್ಟದ್ದು ಗೊತ್ತೇ ಆಗಲಿಲ್ಲ. ನಾಳೆ ತುಮಕೂರಿಗೆ ಡಾಕ್ಟರ ಹತ್ತಿರ... ನಾಳೆ ಭಾನುವಾರ.

ಈಗ ಒಳಕೋಣೆಯಿಂದ ಕೂಗುತ್ತಿದ್ದಾಳೆ:

"ಆ ಹೆಂಗ್ಸಿನ್ ಹಾಡು ಇನ್ನೊಂದ್ಸಲ ಹಾಕಪ್ಪ, ನಿದ್ದೆ ಬತ್ತಿಲ್ಲ."