ಅಮ್ಮನನ್ನು ಕದ್ದವಳು

ಕರ್ಟಿಸ್,

ನಾನು ಅಮ್ಮನನ್ನು ಕದ್ದೊಯ್ದಿದ್ದೇನೆಂದು ನೀನು ದೂರು ಕೊಟ್ಟಿದ್ದಕ್ಕೆ ಇವತ್ತು ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಅಂಚಿನಲ್ಲಿ ಪೊಲೀಸನೊಬ್ಬ ನಮ್ಮನ್ನು ತಡೆದ. ಲಿಬರ್ಟಿ ಪ್ರತಿಮೆ, ಅಧ್ಯಕ್ಷರ ಮುಖಗಳನ್ನು ಕೆತ್ತಿದ ರಶ್‌ಮೋರ್ ಬೆಟ್ಟ, ಈ ಕಣಿವೆ ತೋರಿಸೆಂದು ಅವಳು ಹನ್ನೆರಡು ವರ್ಷ ನಿನ್ನನ್ನೇ ಕೇಳಿದಳು. "ಟೀವೀಲಿ ನೋಡಮ್ಮ, ಬರೀ ಕಲ್ಲು ತಾನೆ" ಅಂದವನು ನೀನು.

ಅಮ್ಮ ಗಾಲಿಕುರ್ಚಿಯಿಂದಲೇ ಆ ಪೊಲೀಸನನ್ನು ಗದರಿದಳು: "ಎಂಬತ್ಮೂರು ವರ್ಷ ನಂಗೆ. ನಾನೇನು ಕಳುವಾದ ಸೂಟ್‌ಕೇಸಾ? ಪಕ್ಕಕ್ಕೆ ನಿಂತ್ಕೊಳ್ಳಪ್ಪಾ, ಕಣಿವೆ ಕಾಣ್ತಿಲ್ಲ." ಆತ ಟೋಪಿ ತೆಗೆದು ಸರಿದು ನಿಂತ.

ಅವಳ ರಕ್ತದೊತ್ತಡದ ಮಾತ್ರೆಗಳು ಮುಗಿಯುತ್ತಾ ಬಂದಿವೆ. ವೈದ್ಯರ ಚೀಟಿಯನ್ನು ಇಲ್ಲಿಗೆ ಹತ್ತಿರದ ಫ್ಲಾಗ್‌ಸ್ಟಾಫ್ ಊರಿನ ಅಂಚೆ ಕಚೇರಿಗೆ ಕಳಿಸು. ನೀನು ಬರಬೇಡ.

ಕಣಿವೆಯ ಫೋಟೊ ತೆಗೆದು ನಿನಗೆ ಕಳಿಸಲೇ ಎಂದು ಅಮ್ಮನನ್ನು ಕೇಳಿದೆ. ಅವಳು ಕಣ್ಣು ಕೀಳದೆ ನೋಡುತ್ತಲೇ ಹೇಳಿದಳು: "ಬೇಡ ಕಣೆ. ಇದು ನಂದು."

ಇನ್ನೂ ನಿನ್ನ ಅಕ್ಕನೇ ಆಗಿರುವ,
ಡೆಲೋರಿಸ್